ಸೀಳು ಗೊರಸಿನ ಕುದುರೆ

"ಗ್ಲೌಸ್ ಹಾಕ್ಕೊಂಡು ಮುಟ್ರಿ," ಎಂದ ಗುರುಪಾದಸ್ವಾಮಿ. "ಇನ್ನೂರು ವರ್ಷದ ಮಾಲು ಅದು. ನಿಮ್ಮ ಸ್ಟೇಷನ್ ಲಾಠಿ ಅಲ್ಲ."

ಇನ್ಸ್‌ಪೆಕ್ಟರ್ ಶಿವಮಲ್ಲಪ್ಪ ಜೇಬಿನಿಂದ ತನ್ನದೇ ಗ್ಲೌಸ್ ತೆಗೆದು, ಒಂದೊಂದೇ ಬೆರಳು ತೂರಿಸುತ್ತ ನಿಧಾನವಾಗಿ ಹಾಕಿಕೊಂಡ. ಎದುರಿಗೆ ಕೂತವನ ತಾಳ್ಮೆ ಎಷ್ಟುದ್ದ ಎಂದು ಅಳೆಯಲು ಅವನು ಕಂಡುಕೊಂಡ ಹಳೆಯ ಉಪಾಯ ಅದು. ಗುರುಪಾದಸ್ವಾಮಿಯ ತಾಳ್ಮೆ ಗೇಣುದ್ದವೂ ಇರಲಿಲ್ಲ. ಕುರ್ಚಿಯ ಕೈಮೇಲೆ ಅವನ ಬೆರಳು ಆಗಲೇ ತಾಳ ಹಾಕತೊಡಗಿತ್ತು.

ಯಳಂದೂರಿನಲ್ಲಿ ಗುರುಪಾದಸ್ವಾಮಿಯ ಮನೆಯ ಆ ಮಹಡಿ ಕೋಣೆಯಲ್ಲಿ ಗೋಡೆಯೇ ಕಾಣುತ್ತಿರಲಿಲ್ಲ. ಬರೀ ಪುಸ್ತಕ. ಹಳೆಯ ದಂತದ ಸಾಮಾನು, ಹಳೆಯ ಚದುರಂಗ ಕೂಡಿಡುವ ಶ್ರೀಮಂತರಿಗೆಂದು ಹೊರದೇಶದಲ್ಲಿ ಅಚ್ಚಾದ ದಪ್ಪ ದಪ್ಪ ಪುಸ್ತಕಗಳು. ಯಾವ ಸೀಮೆಯ ಕಾಯಿ ಹೇಗಿರುತ್ತದೆ, ದಂತ ಹಳತಾದರೆ ಬಣ್ಣ ಹೇಗೆ ತಿರುಗುತ್ತದೆ, ಬಿರುಕು ಯಾವ ಕಡೆಗೆ ಓಡುತ್ತದೆ, ಎಲ್ಲ ಚಿತ್ರಸಮೇತ. ಅಸಲಿ ಯಾವುದು ನಕಲಿ ಯಾವುದು ಎಂದು ಕಲಿಸುವ ವಿದ್ಯೆ. ಬೀಗ ರಿಪೇರಿ ಕಲಿಸುವ ಪುಸ್ತಕ ಕಳ್ಳನ ಮನೆಗೂ ಬರುತ್ತದೆ ಎಂಬುದು ಮಾತ್ರ ಅವುಗಳಲ್ಲಿ ಯಾವುದರಲ್ಲೂ ಬರೆದಿರಲಿಲ್ಲ.

ಬಂಡಳ್ಳಿಯ ಕಾಡಂಚಿನಲ್ಲಿ ಕರೆಂಟು ತಂತಿ ತಗುಲಿ ಸತ್ತ ಸಲಗದ ದಂತ ರಾತ್ರೋರಾತ್ರಿ ಮಾಯವಾಗಿತ್ತು. ಅದರ ಬೆನ್ನಿಗೇ ಅದೇ ಊರಿನಲ್ಲಿ ಮರದ ಬಸವಣ್ಣ ಕೆತ್ತಿ ಮಾರುವ ಚಿಕ್ಕಸಿದ್ದಯ್ಯ ಕಾಣೆಯಾಗಿದ್ದ. ಈ ಎರಡಕ್ಕೂ ಒಂದೇ ದಾರ, ಆ ದಾರದ ತುದಿ ಈ ಕೋಣೆಯಲ್ಲಿದೆ ಎಂಬುದು ಶಿವಮಲ್ಲಪ್ಪನ ಗುಮಾನಿ. ಗುಮಾನಿಗೆ ಕೋರ್ಟು ಕಾಸಿನ ಬೆಲೆಯೂ ಕೊಡುವುದಿಲ್ಲ. ಗುರುಪಾದಸ್ವಾಮಿ ಆಗಲೇ ತಡೆಯಾಜ್ಞೆ ತಂದು ಕೂತಿದ್ದ. ಪೊಲೀಸರು ಅವನ ದಂತದ ಚದುರಂಗವನ್ನು ನೋಡಬಹುದು, ಒಯ್ಯುವಂತಿಲ್ಲ.

ಆನೆಯಂತೂ ಸತ್ತಿತ್ತು. ಮುದುಕ ಚಿಕ್ಕಸಿದ್ದಯ್ಯ ಬದುಕಿದ್ದಾನೋ ಇಲ್ಲವೋ? ಶಿವಮಲ್ಲಪ್ಪನ ನಿದ್ದೆ ಕೆಡಿಸಿದ್ದು ಈ ಒಂದು ಪ್ರಶ್ನೆ. ಕೆತ್ತನೆ ಮುಗಿದ ಮೇಲೆ ಕೆತ್ತಿದವನನ್ನು ಉಳಿಸಿಕೊಳ್ಳುವುದರಿಂದ ಕದ್ದವರಿಗೆ ಏನು ಲಾಭ? ಬೇಗ ಹುಡುಕಿದರೆ ಮನುಷ್ಯ ಸಿಗುತ್ತಾನೆ, ತಡವಾದರೆ ಹೆಣ ಸಿಗುತ್ತದೆ.

ಮೇಜಿನ ಮೇಲೆ ಚದುರಂಗ ಹಾಸಿತ್ತು. ಒಂದು ಕಡೆ ಬಿಳಿ ಪಡೆ, ಇನ್ನೊಂದು ಕಡೆ ಅರಗಿನ ಬಣ್ಣ ಕುಡಿದ ಕೆಂಪು ಪಡೆ. ಅಂಬಾರಿಯಲ್ಲಿ ಕೂತ ರಾಜ, ಪೇಟದ ಮಂತ್ರಿ, ಮುಂದುಗಡೆ ಈಟಿ ಹಿಡಿದ ಕಾಲಾಳುಗಳು. ಕೆಟ್ಟ ಕೆಲಸಕ್ಕೆ ಇಷ್ಟು ಒಳ್ಳೆಯ ಕೈ ಸಿಕ್ಕಿತಲ್ಲ ಎಂದು ಶಿವಮಲ್ಲಪ್ಪನಿಗೆ ಒಳಗೇ ಉರಿಯಿತು.

"ಕೆಂಪು ಪಡೆಯಲ್ಲಿ ಒಂದೇ ಕುದುರೆ ಅದೆ. ಇನ್ನೊಂದೆಲ್ಲಿ?"

"ಮೈಸೂರಿಗೆ ರಿಪೇರಿಗೆ ಹೋಗ್ಯದೆ." ಉತ್ತರ ಥಟ್ಟನೆ ಬಂತು. ಪ್ರಶ್ನೆ ಕೇಳುವ ಮೊದಲೇ ಬಾಯಿಪಾಠವಾಗಿದ್ದ ಉತ್ತರ.

ಶಿವಮಲ್ಲಪ್ಪ ಚೀಲದಿಂದ ತಾನು ತಂದಿದ್ದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ. ಅದನ್ನು ಕಂಡು ಗುರುಪಾದಸ್ವಾಮಿಯ ಹುಬ್ಬು ಹಾರಿತು, ಆಮೇಲೆ ಮುಖ ಅರಳಿತು.

ಪುಸ್ತಕ ಕೊಳ್ಳೇಗಾಲದ ಕುಮಾರಸ್ವಾಮಿ ಮೇಷ್ಟರದು. ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದ ಸಾಧು ಮನುಷ್ಯರು. ಬೆಳಿಗ್ಗೆ ಯಾರೂ ಕರೆಯದೆ ತಾವಾಗಿಯೇ ಸ್ಟೇಷನ್ನಿಗೆ ಬಂದು ಕೊಟ್ಟು ಹೋಗಿದ್ದರು. ತಪ್ಪು ತಿಳೀಬೇಡಿ ಎನ್ನದೆ ಅವರ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ. ತಪ್ಪು ತಿಳೀಬೇಡಿ, ಆ ಚದುರಂಗ ಹಳೆಯದೇ. ತಪ್ಪು ತಿಳೀಬೇಡಿ, ಇದು ನಮ್ಮ ಅಪ್ಪನ ಕಾಲದಲ್ಲಿ ಅಚ್ಚಾದ ಪುಸ್ತಕ, ಇದರಲ್ಲೇ ಅದರ ಫೋಟೋ ಇದೆ. ಈ ಸೀಮೆಯ ಕೆತ್ತನೆ, ಈಗ ಎಲ್ಲಿದೆಯೋ ತಿಳಿಯದು ಎಂದು ಕೆಳಗೆ ಬರೆದಿದೆ. ಯಳಂದೂರಿನಲ್ಲೇ ಇತ್ತು ನೋಡಿ. ಒಳ್ಳೆಯವರ ಮೇಲೆ ಸುಮ್ಮನೆ ಯಾಕೆ ಕೆಸರು?

ಶಿವಮಲ್ಲಪ್ಪ ಆ ಪುಟ ತೆರೆದು ಒಂದೊಂದೇ ಕಾಯನ್ನು ಫೋಟೋದ ಪಕ್ಕ ಹಿಡಿದ. ಬಿಳಿ ಮಂತ್ರಿಯ ಪೇಟದಲ್ಲಿ ಬಿರುಕು, ಫೋಟೋದಲ್ಲೂ ಇತ್ತು. ಎಡಗಡೆ ಆನೆಯ ಸೊಂಡಿಲ ತುದಿ ಮುರಿದಿತ್ತು, ಅಲ್ಲೂ ಮುರಿದಿತ್ತು. ರಾಜನ ಮೀಸೆಯ ತಿರುವು ಸಹ ತಪ್ಪಿರಲಿಲ್ಲ.

"ಆಯ್ತಾ?" ಎಂದ ಗುರುಪಾದಸ್ವಾಮಿ. "ಈ ಪುಸ್ತಕ ಇಟ್ಕೊಂಡೇ ಪ್ರಪಂಚದ ದೊಡ್ಡ ದೊಡ್ಡೋರು ವ್ಯಾಪಾರ ಮಾಡೋದು. ಇದರಲ್ಲಿ ಇರೋದು ಅಸಲಿ. ನೀವು ಮುಳ್ಳೂರಿನೋರು, ನಮ್ಮೋರೇ. ನಮ್ ದೊಡ್ಡಮ್ಮನ ಮಗಳನ್ನ ಅಲ್ಲಿಗೇ ಕೊಟ್ಟಿರೋದು. ಅದಕ್ಕೇ ಇಷ್ಟೊತ್ತು ಸುಮ್ಮನಿದೀನಿ."

"ನೆಂಟಸ್ತಿಕೆ ಊಟದ ಹೊತ್ತಿಗಿರ್ಲಿ," ಎಂದು ಶಿವಮಲ್ಲಪ್ಪ ಬಿಳಿ ಕುದುರೆಯೊಂದನ್ನು ಎತ್ತಿಕೊಂಡ.

ಮುಂಗಾಲು ಒಂದನ್ನು ತುಸು ಎತ್ತಿ, ಕತ್ತು ಬಾಗಿಸಿ ನಿಂತ ಕುದುರೆ. ಕೇಸರದ ಎಳೆ ಎಳೆಯೂ ಬೇರೆ. ಅವನು ಅದನ್ನು ತಿರುಗಿಸಿದ, ಬೆನ್ನು ನೋಡಿದ, ಹೊಟ್ಟೆ ನೋಡಿದ. ಆಮೇಲೆ ಮೇಜಿನ ಮೇಲೆ ಪಕ್ಕಕ್ಕೆ ಮಲಗಿಸಿ ಕಾಲು ನೋಡಿದ. ಅಲ್ಲಿಗೇ ಅವನ ಕಣ್ಣು ನಿಂತಿತು.

ಅವನು ಓದಿದ್ದಕ್ಕಿಂತ ಹೆಚ್ಚು ದಿನ ಎತ್ತು ಮೇಯಿಸಿದ್ದವನು. ಮುಳ್ಳೂರಿನ ಮನೆಯಲ್ಲಿ ಎತ್ತಿನ ಕಾಲಿಗೆ ಲಾಳ ಹೊಡೆಸುವಾಗ ಹಗ್ಗ ಹಿಡಿದು ಕೂರುವುದು ಅವನ ಪಾಲಿನ ಕೆಲಸವಾಗಿತ್ತು. ಗೊರಸು ನೋಡಿ ದನ ಯಾವುದು ಎಂದು ಯಾರೂ ಅವನಿಗೆ ಪುಸ್ತಕದಲ್ಲಿ ತೋರಿಸಬೇಕಾಗಿರಲಿಲ್ಲ.

ಅವನು ಮತ್ತೊಮ್ಮೆ ಫೋಟೋ ನೋಡಿದ. ಪಡೆಯನ್ನು ಆಟಕ್ಕೆ ಜೋಡಿಸಿದ ಹಾಗೆ ಜೋಡಿಸಿ, ಎದುರಿನಿಂದ ತೆಗೆದ ಫೋಟೋ. ಮುಂದಿನ ಸಾಲಿನ ಕಾಲಾಳುಗಳು ಹಿಂದಿನ ಸಾಲನ್ನು ಮೊಣಕಾಲಿನವರೆಗೂ ಮರೆಮಾಡಿದ್ದರು. ಕುದುರೆಯ ಪಾದ ಅಲ್ಲಿ ಕಾಣುತ್ತಲೇ ಇರಲಿಲ್ಲ.

"ಸ್ವಾಮಿಯೋರೇ, ನಿಮ್ಮನೇಲಿ ದನ ಅವೆಯಾ?"

"ಏನಂದ್ರಿ?"

"ದನ. ಎತ್ತು, ಹಸ."

"ನನ್ ಜಮೀನು ಟ್ರ್ಯಾಕ್ಟರ್ ಉಳತದೆ. ಯಾಕೆ?"

"ಅದಕ್ಕೇ ನಿಮಗೆ ಕಾಣ್ನಿಲ್ಲ." ಶಿವಮಲ್ಲಪ್ಪ ಕುದುರೆಯನ್ನು ಅವನ ಮೂಗಿನ ಹತ್ತಿರ ಹಿಡಿದ. "ಕುದುರೆ ಗೊರಸು ಒಂಟಿ. ದನದ್ದು ಎರಡಾಗಿ ಸೀಳಿರತದೆ. ನೋಡಿ, ನಾಕು ಕಾಲೂ ಸೀಳವೆ. ಹಿಂದ್ಗಡೆ ಮೇಲೆ ಎರಡು ಸಣ್ಣ ಗೊರಸು, ಅದೂ ದನಕ್ಕೇ ಇರೋದು. ಫೋಟೋದಲ್ಲಿ ಕಂಡಿದ್ದನ್ನೆಲ್ಲ ಕೂದಲೆಳೆ ತಪ್ಪದಂಗೆ ಕೆತ್ತವ್ರೆ. ಕಾಣದೇ ಇದ್ದದ್ದನ್ನ ಕೈಗೆ ಗೊತ್ತಿದ್ದಂಗೆ ಕೆತ್ತವ್ರೆ. ಈ ಕೈಗೆ ಗೊತ್ತಿದ್ದದ್ದು ಬಸವಣ್ಣನ ಕಾಲು."

ಬಾಗಿಲಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ ಕೋಮಲ ಬಗ್ಗಿ ನೋಡಿದಳು.

ಗುರುಪಾದಸ್ವಾಮಿ ರೇಷ್ಮೆ ವ್ಯಾಪಾರದಲ್ಲಿ ಪಳಗಿದವನು. ಬೆಲೆ ಬಿದ್ದಾಗ ಮುಖ ಬೀಳಿಸಬಾರದೆಂದು ಅವನಿಗೆ ಗೊತ್ತು. ಕುದುರೆಯನ್ನು ಇಸಿದುಕೊಂಡು, ಕನ್ನಡಕ ಏರಿಸಿ ನೋಡಿ, ನಿಧಾನವಾಗಿ ಅದರ ಮನೆಯಲ್ಲಿಟ್ಟ.

"ಸರಿ. ಇನ್ನೂರು ವರ್ಷದ ಹಿಂದೆ ಕೆತ್ತಿದೋನೂ ಬಸವನ್ನ ಕೆತ್ತೋನೇ ಇದ್ದ. ಫೋಟೋದಲ್ಲಿ ಪಾದ ಕಾಣಲ್ಲ ಅಂತ ನೀವೇ ಅಂದ್ರಿ. ಅದರಲ್ಲೂ ಸೀಳು ಗೊರಸೇ ಇತ್ತು ಅಂತ ನಾನಂತೀನಿ. ಇಲ್ಲ ಅನ್ನೋಕೆ ನಿಮ್ಮತ್ರ ಏನದೆ?"

ವಕೀಲನ ಬಾಯಲ್ಲಿ ಬರಬೇಕಾದ ಮಾತು ಕಕ್ಷಿಗಾರನ ಬಾಯಲ್ಲೇ ಬಂದಿತ್ತು.

"ಎತ್ತಿನ ಕಾಲು ನೋಡೋದು ಚೆನ್ನಾಗಿ ಕಲ್ತಿದ್ದೀರಿ," ಎಂದು ಗುರುಪಾದಸ್ವಾಮಿ ಪುಸ್ತಕ ಮುಚ್ಚಿದ. "ನಿಮ್ಮಪ್ಪ ನಿಮ್ಮನ್ನ ಅಲ್ಲೇ ಬಿಡಬೇಕಿತ್ತು. ಯೂನಿಫಾರಂ ಹಾಕಿಸಿ ಸರ್ಕಾರಕ್ಕೆ ದಂಡ ಮಾಡ್ದ."

ಶಿವಮಲ್ಲಪ್ಪನನ್ನು ಬಲ್ಲವರು ಅವನ ಮುಂದೆ ಅವನ ಅಪ್ಪನ ಸುದ್ದಿ ಎತ್ತುವುದಿಲ್ಲ. ಬೇರೆ ಯಾರ ಮುಂದಾದರೂ ಸಹಿಸಿಕೊಂಡಾನು, ಈ ಮನುಷ್ಯನ ಮುಂದೆ ಸಾಧ್ಯವಿರಲಿಲ್ಲ. ಅವನ ಕೈ ಚೀಲದೊಳಗೆ ಹೋಯಿತು. ಬಾಗಿಲಲ್ಲಿ ಕೋಮಲ ಬೇಡ ಎಂಬಂತೆ ತಲೆಯಾಡಿಸಿದ್ದು ಕಂಡರೂ ಕಾಣದವನಂತೆ, ಬಟ್ಟೆಯಲ್ಲಿ ಸುತ್ತಿದ್ದುದನ್ನು ಹೊರತೆಗೆದು ಕುದುರೆಯ ಪಕ್ಕಕ್ಕೆ ಠಪ್ಪನೆ ಇಟ್ಟ.

ಅಂಗೈಯಗಲದ ಮರದ ಬಸವಣ್ಣ. ನಿಂತ ಬಸವಣ್ಣ, ಒಂದು ಮುಂಗಾಲು ತುಸು ಎತ್ತಿತ್ತು. ಅರಿಸಿನ ಕುಂಕುಮ ಮೆತ್ತಿ ಮುಖ ಮಸುಕಾಗಿತ್ತು, ಕಾಲು ಮಾತ್ರ ಚೊಕ್ಕವಾಗಿತ್ತು. ಅದೇ ಸೀಳು, ಅದೇ ಎರಡು ಪುಟ್ಟ ಗೊರಸು. ಸೀಳಿನ ಕೊನೆಯಲ್ಲಿ ಉಳಿಯನ್ನು ಎಡಕ್ಕೆ ಹೊರಳಿಸಿ ಎತ್ತಿದ ಸಣ್ಣ ಗುರುತು, ಅದೂ ಎರಡರಲ್ಲೂ ಇತ್ತು.

"ಇನ್ನೂರು ವರ್ಷದ ಹಿಂದಿನೋನು ಬಂಡಳ್ಳಿಗೂ ಬಂದು ಕೆತ್ತಿ ಹೋದ್ನಾ?" ಎಂದು ಶಿವಮಲ್ಲಪ್ಪ ಕೇಳಿದ. "ಚಿಕ್ಕಸಿದ್ದಯ್ಯ ಎಲ್ಲವ್ನೆ?"

ಗುರುಪಾದಸ್ವಾಮಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಕೈ ಮುಂದೆ ಬಂದು, ಬಸವಣ್ಣನನ್ನು ಮುಟ್ಟದೆ ಹಿಂದಕ್ಕೆ ಹೋಯಿತು.

"ಇದು ಎಲ್ಲಿತ್ತು?"

"ಅವನ ಮನೆ ದೇವರ ಗೂಡಿನಲ್ಲಿ."

"ಇದನ್ನ ಅವನೇ ಕೆತ್ತಿದ್ದು ಅಂದ್ರಾ?"

"ಇನ್ಯಾರು, ನಿಮ್ಮಜ್ಜ ಕೆತ್ತಿದ್ರಾ?"

ಗುರುಪಾದಸ್ವಾಮಿ ಅವನನ್ನೇ ನೋಡಿದ. ಹಾಗೆ ನೋಡುತ್ತ ನೋಡುತ್ತ ಅವನ ತುಟಿ ಸಡಿಲವಾಯಿತು, ಆಮೇಲೆ ಸಣ್ಣಗೆ ನಕ್ಕೇಬಿಟ್ಟ. ಸಿಕ್ಕಿಬಿದ್ದವನು ನಗುವ ನಗು ಅದಾಗಿರಲಿಲ್ಲ, ಆ ಕ್ಷಣ ಅದು ಯಾಕೆಂದು ಶಿವಮಲ್ಲಪ್ಪನಿಗೆ ಹೊಳೆಯಲೂ ಇಲ್ಲ.

"ಹಂಗಾದ್ರೆ ದಂತ ಕೆತ್ತಿದ ಕಳ್ಳ ಅವನು," ಎಂದ ಗುರುಪಾದಸ್ವಾಮಿ. "ನಾನು ಮೋಸ ಹೋದೋನು. ಹೋಗಿ ಅವನನ್ನೇ ಹುಡುಕಿ ಜೈಲಿಗೆ ಹಾಕ್ರಿ. ಅವನ ಹೆಂಡ್ತಿ ನಿಮಗೆ ಆರತಿ ಎತ್ತಾಳೆ."

ಜೀಪು ಹತ್ತಿದ ಮೇಲೆ ಕೋಮಲ ಸ್ಟೀರಿಂಗ್ ಹಿಡಿದುಕೊಂಡು ಎದುರು ನೋಡುತ್ತಲೇ ಹೇಳಿದಳು. ಅವಳು ಸತ್ತೇಗಾಲದವಳು, ಮಾತು ಮುಚ್ಚಿಟ್ಟು ಗೊತ್ತಿಲ್ಲ.

"ಅದನ್ನ ತೋರಿಸಬಾರದಾಗಿತ್ತು ಸಾ. ಆ ಅಮ್ಮ ನಿನ್ನೆ ಕೊಡುವಾಗ ಏನಂದ್ರು ನಿಮಗೆ?"

ಶಿವಮಲ್ಲಪ್ಪನಿಗೆ ನೆನಪಿತ್ತು. ಕಂಪ್ಲೇಂಟು ಕೊಟ್ಟಿದ್ದು ಚಿಕ್ಕಸಿದ್ದಯ್ಯನ ತಮ್ಮ. ಹೆಂಡತಿ ದೊಡ್ಡಬಸಮ್ಮ ಮೊದಲಿನಿಂದಲೂ ಪೊಲೀಸರನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನಿನ್ನೆ ಗೂಡಿನ ಬಸವಣ್ಣನನ್ನು ಕಂಡು, ಇದು ಯಜಮಾನರ ಕೈಕೆಲಸವೇ ಎಂದು ಅವನು ಕೇಳಿದಾಗ, ಈ ಮನೇಲೇ ಕೆತ್ತಿದ್ದು ಎಂದಷ್ಟೇ ಅಂದಿದ್ದಳು. ಮಾದರಿಗೆ ಬೇಕು ಎಂದು ಅವನು ಎತ್ತಿಕೊಂಡಾಗ ಹೊಸ್ತಿಲವರೆಗೂ ಹಿಂದೆ ಬಂದು, ಯಾರಿಗೂ ತೋರಿಸಬೇಡಿ ಎಂದು ಹೇಳಿದ್ದಳು. ದೇವರ ವಸ್ತು, ಮೈಲಿಗೆಯಾಗುತ್ತದೆ ಎಂದಿರಬೇಕು ಎಂದುಕೊಂಡು ಅವನು ತಲೆಯಾಡಿಸಿ ಬಂದಿದ್ದ.

ಸಿಟ್ಟಿನಲ್ಲಿ ಕುಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅವನ ತಾಯಿ ಹೇಳುತ್ತಿದ್ದಳು. ಅದು ನೆನಪಾಗಿ ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಕೊಳ್ಳೇಗಾಲದಲ್ಲಿ ಜೀಪು ನಿಲ್ಲಿಸಿ ಅವನು ಕುಮಾರಸ್ವಾಮಿ ಮೇಷ್ಟರ ಮನೆಗೆ ಹೋದ. ಕುದುರೆಯ ಗೊರಸಿನ ಬಗ್ಗೆ ಅವರು ಒಂದು ಅಭಿಪ್ರಾಯ ಬರೆದುಕೊಟ್ಟರೆ ಕೋರ್ಟಿನಲ್ಲಿ ತೂಕ ಬರುತ್ತದೆ. ಮೇಷ್ಟ್ರು ಕಾಫಿ ಕೊಟ್ಟರು, ಕುಡಿಯುವವರೆಗೂ ಬಿಡಲಿಲ್ಲ. ಅವನು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿದರು. ತಪ್ಪು ತಿಳೀಬೇಡಿ, ಪುಸ್ತಕ ಓದಿ ಓದಿ ನನ್ನ ಕಣ್ಣಿಗೆ ಕಾಣದ್ದು ನಿಮಗೆ ಕಂಡಿತಲ್ಲ ಎಂದು ಹೊಗಳಿದರು. ಆ ಬಸವಣ್ಣ ಎಲ್ಲಿದೆ ಎಂದು ಕೇಳಿದರು. ಚೀಲದಲ್ಲೇ ಇದೆ, ಈಗ ಬಂಡಳ್ಳಿಗೆ ಹೋಗುತ್ತಿದ್ದೇನೆ ಎಂದು ಶಿವಮಲ್ಲಪ್ಪ ಹೇಳಿದ. ಜೋಪಾನ ಎಂದು ಮೇಷ್ಟ್ರು ಗೇಟಿನವರೆಗೂ ಬಂದು ಕಳಿಸಿದರು.

ಬಂಡಳ್ಳಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಜೀಪನ್ನು ದೊಡ್ಡ ರಸ್ತೆಯಲ್ಲೇ ಬಿಟ್ಟು ಇಬ್ಬರೂ ಗಲ್ಲಿಯಲ್ಲಿ ನಡೆದು ಹೋದರು. ಕಾಡಿನ ಕಡೆಯಿಂದ ಯಾರೋ ತಮಟೆ ಬಡಿದು ಆನೆ ಓಡಿಸುತ್ತಿದ್ದ ಸದ್ದು ಕೇಳುತ್ತಿತ್ತು. ದೊಡ್ಡಬಸಮ್ಮ ಒಲೆಯ ಮುಂದೆ ಕೂತು ಸೌದೆ ತುರುಕುತ್ತಿದ್ದಳು. ಬಾಗಿಲಲ್ಲಿ ಅವನ ನೆರಳು ಕಂಡರೂ ಏಳಲಿಲ್ಲ.

ಶಿವಮಲ್ಲಪ್ಪ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ನಿಮ್ಮ ಯಜಮಾನರು ದಂತ ಕೆತ್ತಿದ್ದಾರೆ ಎಂದರೆ ಅವಳು ಹೆದರುತ್ತಾಳೆ. ಕೆಲಸ ಇನ್ನೂ ಪೂರ್ತಿಯಾಗಿಲ್ಲ, ಒಂದು ಕುದುರೆ ಬಾಕಿ, ಅಂದರೆ ಅವರು ಬದುಕಿರಬೇಕು ಎಂದರೆ ಸಮಾಧಾನವಾಗುತ್ತದೆ. ಅವನು ಎರಡನೆಯದನ್ನು ಮೊದಲು ಹೇಳಿದ. ಮೊಬೈಲಿನಲ್ಲಿ ತೆಗೆದುಕೊಂಡು ಬಂದಿದ್ದ ಕುದುರೆಯ ಫೋಟೋ ತೋರಿಸಿದ. ಒತ್ತಾಯ ಮಾಡಿ ಕೆತ್ತಿಸಿದ್ದಾರೆ ಎಂದು ತಾನೇ ಕೋರ್ಟಿಗೆ ಹೇಳುವುದಾಗಿಯೂ ಹೇಳಿದ.

ದೊಡ್ಡಬಸಮ್ಮ ಫೋಟೋ ನೋಡಲೇ ಇಲ್ಲ. ಅವನ ಹೆಗಲ ಚೀಲವನ್ನು ನೋಡಿದಳು.

"ನಮ್ ಬಸವಣ್ಣನ್ನ ಯಾರ್ಗಾರಾ ತೋರಿಸಿದ್ರಾ ಸಾ?"

ಅವನು ಹೇಳಬೇಕಾಯಿತು. ಯಳಂದೂರಿನಲ್ಲಿ ಗುರುಪಾದಸ್ವಾಮಿಗೆ ತೋರಿಸಿದೆ ಎಂದ.

ಅವಳು ಎದ್ದು ನಿಂತಳು. ಅರವತ್ತು ದಾಟಿದ ಹೆಂಗಸು, ಗೋಡೆ ಹಿಡಿಯದೆ ಎದ್ದಳು.

"ಅಂಗಾರೆ ನನ್ ತಾಳಿ ಕಿತ್ಕಂಡ್ ಬಂದಿದ್ದೀರಿ," ಎಂದಳು. ದನಿ ಎತ್ತರವಾಗಲಿಲ್ಲ. "ನಮ್ಮೋರ ಬಲಗೈಗೆ ಲಕ್ವ ಒಡ್ದು ಏಸೋ ವರ್ಸ ಆಯ್ತು. ಅನ್ನ ಕಲಸಕ್ಕಾಗಕ್ಕಿಲ್ಲ ಅವ್ರಿಗೆ. ಉಳಿ ಇಡಿತಾರಾ?"

ಅವಳು ತನ್ನ ಬಲಗೈಯನ್ನು ಒಲೆಯ ಬೆಳಕಿಗೆ ಹಿಡಿದಳು. ಅಂಗೈಯ ಬುಡದಲ್ಲಿ, ಉಳಿಯ ಹಿಡಿ ಕೂರುವ ಜಾಗದಲ್ಲಿ, ಚರ್ಮ ಜಡ್ಡುಗಟ್ಟಿ ಕೊಂಬಿನಂತಾಗಿತ್ತು.

"ನಾನೇ ಕೆತ್ತಿದ್ದು. ಆ ಬಸವಣ್ಣನೂ ನಾನೇ, ಆ ಕುದ್ರೇನೂ ನಾನೇ. ಎಂಗಸು ಕೆತ್ತಿದ ಬಸವಣ್ಣನ್ನ ಯಾರು ಸಾ ಗೂಡಲ್ಲಿಟ್ಟು ಪೂಜೆ ಮಾಡ್ತರೆ? ಅದ್ಕೇ ಕೈ ನಂದು, ಎಸರು ಅವರ್ದು. ಊರ್ಗೇ ಗೊತ್ತಿಲ್ಲ. ನಮ್ ಮೈದ್ನಂಗೂ ಗೊತ್ತಿಲ್ಲ."

ಬಾಗಿಲು ಹಾಕಿಕೊಂಡು ಗಂಡ ಎಡಗೈಯಲ್ಲೇ ಕೆಲಸ ಮಾಡುತ್ತಾನೆ, ಹೆಂಡತಿ ಒಳಗೆ ನೀರು ಕೊಟ್ಟು ಕೂತಿರುತ್ತಾಳೆ ಎಂದೇ ಬಂಡಳ್ಳಿ ನಂಬಿತ್ತು. ಹಾಗೆ ಬಾಗಿಲು ಹಾಕಿಕೊಂಡ ಮನೆಯೊಳಗೆ ನಡೆದದ್ದನ್ನು ಅವಳು ತುಂಡು ತುಂಡಾಗಿ ಹೇಳಿದಳು. ಕಾರಿನಲ್ಲಿ ಬಂದ ಇಬ್ಬರು ಮೊದಲು ಮೂಳೆ ಎಂದು ಕೊಟ್ಟರಂತೆ. ಪುಸ್ತಕದಿಂದ ತೆಗೆದ ಫೋಟೋ ಗೋಡೆಗೆ ಅಂಟಿಸಿ, ಇದರಂತೆ ಮಾಡು ಎಂದರಂತೆ. ಕೊಯ್ಯುವಾಗ ವಾಸನೆಗೆ ಅದು ದಂತವೆಂದು ತಿಳಿದು ಅವಳು ಉಳಿ ಕೆಳಗಿಟ್ಟಾಗ ಗಂಡನನ್ನು ಎತ್ತಿ ಕಾರಿಗೆ ಹಾಕಿಕೊಂಡು ಹೋದರು. ಎಲ್ಲ ಕಾಯಿ ಮುಗಿಸಿ ಕೊಟ್ಟ ದಿನ ಬಿಡುತ್ತೇವೆ ಎಂದರು. ಕುದುರೆಯ ಕಾಲು ಫೋಟೋದಲ್ಲಿ ಇರಲಿಲ್ಲ, ತಾನು ಯಾವತ್ತೂ ಕುದುರೆಯ ಕಾಲನ್ನು ಬಗ್ಗಿ ನೋಡಿದವಳಲ್ಲ ಎಂದಳು.

"ನನ್ ಕೈಗುರ್ತು ಎಲ್ಲೂ ಉಳೀಬಾರ್ದು ಅಂತ ಮನೇಲಿದ್ದ ಬೊಂಬೆನೆಲ್ಲಾ ಒತ್ಕಂಡೋಗಿ ಸುಟ್ರು," ಎಂದಳು ದೊಡ್ಡಬಸಮ್ಮ. "ಮಾರಿದ್ದೆಲ್ಲಾ ಕುಂತಿರೋ ಬಸವಣ್ಣ, ಕಾಲು ಕಾಣಕ್ಕಿಲ್ಲ. ನಿಂತಿರೋ ಇದೊಂದ ಮಾತ್ರ ನಮ್ ಮಾವನ ಕಾಲದ್ದು ಅಂತ ಸುಳ್ಳೇಳಿ ಉಳಿಸ್ಕಂಡಿದ್ದೆ. ನೀವು ಅದ್ನೇ ತಕಂಡೋಗಿ ಅವ್ರ ಕಣ್ಮುಂದೆ ಮಡಗಿದ್ರಿ."

ಗುರುಪಾದಸ್ವಾಮಿ ಯಾಕೆ ನಕ್ಕ ಎಂದು ಶಿವಮಲ್ಲಪ್ಪನಿಗೆ ಈಗ ಅರ್ಥವಾಯಿತು. ಪೊಲೀಸಿನವನು ಬಾಗಿಲವರೆಗೂ ಬಂದು ಪಕ್ಕದ ಮನೆಗೆ ಹೋಗುತ್ತಿದ್ದಾನೆ ಎಂಬ ನಗು ಅದು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅವನು ಅದನ್ನು ಹೇಳಿಯೂ ಹೇಳಿದ, ತಪ್ಪಾಯಿತು ಅಮ್ಮಾ ಎಂದ. ಆ ಮಾತನ್ನು ಅವಳು ಒಲೆಯ ಬೂದಿಯಷ್ಟೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಇದನ್ನೆಲ್ಲ ಮಾಡಿಸುತ್ತಿರುವವನು ಯಾರು ಎಂದು ಅವನು ಕೇಳಿದ. ಕಂಡಿಲ್ಲ, ದಿನಾ ದೀಪ ಹಚ್ಚುವ ಹೊತ್ತಿಗೆ ಫೋನು ಬರುತ್ತದೆ ಎಂದಳು. ಹಾಗೆನ್ನುತ್ತಲೇ ರಾಗಿ ಮಡಕೆಯೊಳಗೆ ಕೈ ಹಾಕಿ ಒಂದು ಬಟ್ಟೆಗಂಟು ತೆಗೆದಳು. ಅದರಲ್ಲಿ ಇನ್ನೂ ಅರಗಿನ ಬಣ್ಣ ಕಾಣದ, ಬೆಳ್ಳಗಿನ ಕುದುರೆ. ನಾಲ್ಕನೆಯದು. ಅದರ ಪಕ್ಕಕ್ಕೇ ಸಣ್ಣ ಉಳಿ.

ಫೋನು ಹೊಡೆದುಕೊಂಡಿತು.

ದೊಡ್ಡಬಸಮ್ಮ ತುಟಿಯ ಮೇಲೆ ಬೆರಳಿಟ್ಟು ಇಬ್ಬರನ್ನೂ ದುರುಗುಟ್ಟಿ ನೋಡಿದಳು. ಅವಳಿಗೆ ಕಿವಿ ಮಂದ, ಸ್ಪೀಕರ್ ಹಾಕಿಯೇ ಮಾತಾಡುವುದು. ಫೋನನ್ನು ಒಲೆಯ ಕಟ್ಟೆಯ ಮೇಲಿಟ್ಟು ಗುಂಡಿ ಒತ್ತಿದಳು.

"ತಪ್ಪು ತಿಳೀಬೇಡವ್ವ," ಎಂದಿತು ಆ ಕಡೆಯ ದನಿ. "ಕುದುರೆ ಮುಗೀತಾ?"

ಶಿವಮಲ್ಲಪ್ಪನ ಬಾಯಲ್ಲಿ ಮೇಷ್ಟರ ಮನೆಯ ಕಾಫಿಯ ರುಚಿ ಇನ್ನೂ ಇತ್ತು. ಕೋಮಲ ಅವನ ತೋಳು ಹಿಡಿದುಕೊಂಡಳು. ಅವಳಿಗೂ ದನಿಯ ಗುರುತು ಸಿಕ್ಕಿತ್ತು. ಪುಸ್ತಕ ತಂದುಕೊಟ್ಟಿದ್ದು ಯಾಕೆ, ಕರೆಯದೆ ಬಂದಿದ್ದು ಯಾಕೆ, ಬಸವಣ್ಣ ಎಲ್ಲಿದೆ ಎಂದು ಕೇಳಿದ್ದು ಯಾಕೆ. ಯಾವುದನ್ನೂ ಇನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಮುಗೀತು ಸಾ. ನಮ್ಮೋರ ದನಿ ಒಂದ್ಕಿತ ಕೇಳಿಸಿ."

"ಕೇಳಿಸ್ತೀನಿ. ಪೊಲೀಸಿನವನು ಬಂದ್ನಾ?"

ದೊಡ್ಡಬಸಮ್ಮ ಶಿವಮಲ್ಲಪ್ಪನ ಕಣ್ಣಲ್ಲಿ ಕಣ್ಣಿಟ್ಟು, "ಇಲ್ಲ ಸಾ," ಎಂದಳು.

"ಬರ್ತಾನೆ. ಅವನ ಚೀಲದಲ್ಲಿ ನಿನ್ನ ಬಸವಣ್ಣ ಇದೆ. ನನ್ನ ಹತ್ರ ಸುಳ್ಳು ಹೇಳಿ ಉಳಿಸ್ಕೊಂಡಿದ್ಯಲ್ಲ, ಅದು. ಅತ್ತು ಕೇಳ್ತೀಯೋ, ಕದ್ದು ತಗೋತೀಯೋ, ನಿನಗೆ ಬಿಟ್ಟಿದ್ದು. ಅದು ಇವತ್ತೇ ಒಲೆಗೆ ಬೀಳ್ಬೇಕು. ಬಿದ್ರೆ ನಿನ್ನ ಯಜಮಾನ ನಾಳೆ ಮನೆಗೆ ಬರ್ತಾನೆ." ಮೇಷ್ಟ್ರು ಪಾಠದ ನಡುವೆ ನಿಲ್ಲಿಸುವ ಹಾಗೆ ಒಂದು ಕ್ಷಣ ನಿಲ್ಲಿಸಿದರು. "ಬೀಳ್ಲಿಲ್ಲ ಅಂದ್ರೆ, ತಪ್ಪು ತಿಳೀಬೇಡ."

ಆಮೇಲೆ ದೂರದಲ್ಲಿ ಯಾರೋ ಕೆಮ್ಮಿದ ಸದ್ದು. ಬಸೂ ಎಂದು ಕರೆಯಲು ಹೋಗಿ, ಅರ್ಧಕ್ಕೇ ನಾಲಗೆ ತೊಡರಿದ ಮುದುಕನ ದನಿ. ಫೋನು ಕಟ್ಟಾಯಿತು.

ಚಿಕ್ಕಸಿದ್ದಯ್ಯ ಬದುಕಿದ್ದ. ಹಿಡಿಯಬೇಕಾದವನು ಯಾರೆಂದೂ ಗೊತ್ತಾಗಿತ್ತು. ಫೋನಿನ ದನಿ ರೆಕಾರ್ಡಾಗಿರಲಿಲ್ಲ, ಗಂಡ ಅವರ ಕೈಯಲ್ಲಿರುವವರೆಗೆ ದೊಡ್ಡಬಸಮ್ಮ ಸಾಕ್ಷಿ ಹೇಳುವವಳೂ ಅಲ್ಲ. ಅವನನ್ನು ಕೋರ್ಟಿನವರೆಗೂ ಎಳೆದೊಯ್ಯಲು ಲೋಕದಲ್ಲಿ ಉಳಿದಿದ್ದ ಒಂದೇ ಸಾಕ್ಷಿ ಶಿವಮಲ್ಲಪ್ಪನ ಹೆಗಲ ಮೇಲಿನ ಚೀಲದಲ್ಲಿತ್ತು. ಅವನಿಗೇ ತಿಳಿಯದಂತೆ ಅವನ ಕೈ ಚೀಲದ ಬಾಯಿಯನ್ನು ಬಿಗಿಯಾಗಿ ಹಿಡಿದುಕೊಂಡಿತು.

ಅದನ್ನು ದೊಡ್ಡಬಸಮ್ಮ ಕಂಡಳು. ಕುದುರೆಯನ್ನು ನೆಲಕ್ಕಿಟ್ಟು, ಉಳಿಯನ್ನು ಬಲಗೈಗೆ ತೆಗೆದುಕೊಂಡು, ಬಾಗಿಲಿಗೆ ಅಡ್ಡವಾಗಿ ಬಂದು ನಿಂತು ಎಡಗೈ ಚಾಚಿದಳು.

"ಒಲೆ ಉರೀತಾ ಅದೆ ಸಾ. ನನ್ ಬಸವಣ್ಣನ್ನ ಇತ್ತ ಕೊಡಿ."